ಹುಳ ಒಂದನ್ನೇ ಕತ್ತರಿಸಿ ಹಾಕಬೇಡಿ, ಎಲೆನೂ ಇರಲಿ



ಹೋದ ವರ್ಷ ನಮ್ಮ ಅವರೆ ಸಾಲಲ್ಲಿ ಒಂದು ಕರೀ ಹುಳ ಕಂಡಿತು. ಬೆನ್ನ ಮೇಲೆ ಕಿತ್ತಳೆ ಮಚ್ಚೆ, ನೋಡಕ್ಕೆ ಮೊಸಳೆ ಮರಿ ಥರ. ಫೋಟೋ ಹೊಡೆದೆ. ಚೆನ್ನಾಗಿ ಕಾಣಲಿ ಅಂತ ಸುತ್ತ ಇದ್ದದ್ದನ್ನೆಲ್ಲ ಕ್ರಾಪ್ ಮಾಡಿ, ಹುಳ ಒಂದನ್ನೇ ಉಳಿಸಿ ಗ್ರೂಪಿಗೆ ಹಾಕಿದೆ. "ಕೀಡೆ ಕಣಣ್ಣ, ಔಷಧಿ ಹೊಡಿ" ಅಂದ್ರು. ಹೊಡೆದೆ.

ಆಮೇಲೆ ಕ್ರಾಪ್ ಮಾಡದ ಫೋಟೋ ತೆಗೆದು ನೋಡ್ತೀನಿ, ಕುಡಿ ತುಂಬ ಹೇನು, ಅದರ ಮಧ್ಯೆ ಈ ಹುಳ. ಅದು ಗುಲಗಂಜಿ ಹುಳದ ಮರಿ. ಹೇನು ತಿನ್ನೋ ನಮ್ಮ ಕಡೆಯವನನ್ನೇ ನಾನು ಕೊಂದಿದ್ದೆ. ಸ್ವಲ್ಪ ದಿನಕ್ಕೆ ಹೇನು ವಾಪಸ್ ಬಂತು, ಗುಲಗಂಜಿ ಬರಲಿಲ್ಲ. ಉತ್ತರ ಕೊಟ್ಟವರನ್ನು ಬಯ್ಯೋದು ಹೇಗೆ? ಅವರು ನೋಡಬೇಕಾದ್ದನ್ನು ನಾನೇ ಕತ್ತರಿಸಿ ಎಸೆದಿದ್ದೆ.

ಅದಕ್ಕೇ ನನ್ನ ಅಭಿಪ್ರಾಯ ಇಷ್ಟು: ಹತ್ತಿರದ ಫೋಟೋದಲ್ಲಿ ಹುಳ ಎಷ್ಟು ಮುಖ್ಯವೋ ಅದು ಕೂತಿರೋ ಜಾಗವೂ ಅಷ್ಟೇ ಮುಖ್ಯ. ಕರಿಬೇವಿನ ಗಿಡದಲ್ಲಿ ಚಿಟ್ಟೆಯ ಎಳೇ ಮರಿ ಹಕ್ಕಿ ಹಿಕ್ಕೆ ಥರಾನೇ ಇರುತ್ತೆ. ಪಕ್ಕದಲ್ಲಿ ತಿಂದಿರೋ ಎಲೆ ಅಂಚು ಕಂಡರೆ ತಾನೆ ಇದು ಹುಳ ಅಂತ ಗೊತ್ತಾಗೋದು?

ಮುಸುಕಿನ ಜೋಳದ ಸೈನಿಕ ಹುಳು ತಗೊಳ್ಳಿ. 2018ರಲ್ಲಿ ನಮ್ಮ ದೇಶದಲ್ಲೇ ಮೊದಲು ಕಂಡಿದ್ದು ನಮ್ಮ ರಾಜ್ಯದ ಶಿವಮೊಗ್ಗ ಕಡೆ. ಈಗ ನಮ್ಮ ಹನೂರು ಕಡೆ ಜೋಳ ಹಾಕೋರಿಗೂ ಅದರದ್ದೇ ಚಿಂತೆ. ತಲೆ ಮೇಲೆ ತಲೆಕೆಳಗಾದ ಇಂಗ್ಲಿಷ್ ವೈ ಗುರುತು, ಬಾಲದ ಹತ್ತಿರ ಚೌಕವಾಗಿ 4 ಚುಕ್ಕೆ. ತಲೆ ಮಾತ್ರ ಇಟ್ಟು ಬಾಲ ಕತ್ತರಿಸಿದರೆ ಅರ್ಧ ಗುರುತು ಹೋಯ್ತು. ಸುಳಿಯಲ್ಲಿ ಮರದ ಹೊಟ್ಟಿನ ಥರ ಬಿದ್ದಿರೋ ಹಿಕ್ಕೆನೂ ಫೋಟೋದಲ್ಲಿ ಇರಬೇಕು.

ಕ್ರಾಪ್ ಮಾಡಲೇಬೇಡಿ ಅಂತ ನಾನು ಹೇಳ್ತಿಲ್ಲ. ನಮ್ಮ ಹೆಬ್ಬೆರಳು, ಚಪ್ಪಲಿ, ಖಾಲಿ ಆಕಾಶ ಬಂದಿದ್ರೆ ತೆಗೀಲೇಬೇಕು. ಆದರೆ ಮೀಸೆ, ಕಾಲು ತುಂಡಾಗಬಾರದು. ಹುಳ ಯಾವ ಕಡೆ ಮುಖ ಮಾಡಿದೆಯೋ ಆ ಕಡೆ ಸ್ವಲ್ಪ ಜಾಗ ಬಿಡಿ, ಇಲ್ಲದಿದ್ರೆ ಗೋಡೆಗೆ ತಲೆ ಗುದ್ದಿದ ಹಾಗೆ ಕಾಣುತ್ತೆ. ಉದ್ದದಲ್ಲಿ ಅರ್ಧ, ಅಗಲದಲ್ಲಿ ಅರ್ಧ ಕತ್ತರಿಸಿದ್ರೆ ಉಳಿಯೋದು ಕಾಲು ಭಾಗ ಫೋಟೋ ಮಾತ್ರ. ದೊಡ್ಡದು ಮಾಡಿ ನೋಡಿದ್ರೆ ಮಬ್ಬು ಮಬ್ಬು.

ಆದ್ದರಿಂದ ಕತ್ತರಿಸೋ ಕೆಲಸ ಹೊಲದಲ್ಲೇ ಮುಗಿಸಿ. ನಿಂತು ಮೇಲಿಂದ ಹೊಡೀಬೇಡಿ, ಕುಕ್ಕರುಗಾಲಲ್ಲಿ ಕೂತು ಹುಳದ ಸಮಕ್ಕೆ ಫೋನ್ ಹಿಡೀರಿ. ಬೆಳಿಗ್ಗೆ ತಂಪು ಹೊತ್ತಲ್ಲಿ ಹುಳನೂ ಹೆಚ್ಚು ಓಡಾಡಲ್ಲ, ಬಿಸಿಲೂ ಕಣ್ಣಿಗೆ ಹೊಡೆಯಲ್ಲ. ಒಂದು ಇಡೀ ಗಿಡದ್ದು, ಒಂದು ಎಲೆದು, ಒಂದು ಹುಳದ್ದು, ಹೀಗೆ ಮೂರು ಫೋಟೋ ಸಾಕು. ಕ್ರಾಪ್ ಮಾಡಿದ್ರೂ ಮೂಲ ಫೋಟೋ ಅಳಿಸಬೇಡಿ.

ಇನ್ಮೇಲೆ ಯಾರಾದರೂ ಬರೀ ಹುಳದ ಫೋಟೋ ಹಾಕಿ "ಏನು ಹೊಡೀಲಿ?" ಅಂದ್ರೆ ನನ್ನ ಉತ್ತರ ಒಂದೇ. ಮೊದಲು ಎಲೆ ತೋರಿಸಪ್ಪ, ಔಷಧಿ ಮಾತು ಆಮೇಲೆ.