ಬಸ್ಸೇ ಹತ್ತದವರು ಬಸ್ಸು ನಡೆಸಿದರೆ ನಮ್ಮ ಗತಿ ಇದೇ!

ಅಹಮದಾಬಾದಿನ ಮಣಿನಗರ, ಖೋಖ್ರಾ, ಇಸನಪುರ, ಘೋಡಾಸರದ ಕನ್ನಡ ಬಂಧುಗಳೇ!

ಹೋಟೆಲಿನಲ್ಲಿ ದೋಸೆ ಹುಯ್ಯುವವರೇ, ತಟ್ಟೆ ತೊಳೆಯುವವರೇ, ವಟ್ವಾದ ಕಾರ್ಖಾನೆಗೆ ಬುತ್ತಿ ಕಟ್ಟಿಕೊಂಡು ಹೋಗುವವರೇ, ಎಲ್.ಜಿ. ಆಸ್ಪತ್ರೆಯ ಚೀಟಿ ಸೆರಗಿನಲ್ಲಿ ಕಟ್ಟಿಕೊಂಡ ಅಮ್ಮಂದಿರೇ! ಒಂದು ನಿಮಿಷ ನಿಂತು ಓದಿ. ಹೇಗೂ ಬಸ್ಸು ಬಂದಿಲ್ಲ!

ನಿನ್ನೆ ಎಷ್ಟು ಹೊತ್ತು ಕಾದಿರಿ? ನಾವು ಐವತ್ತು ನಿಮಿಷ ಕಾದೆವು. ಸ್ಟಾಪಿಗೆ ಸೂರಿಲ್ಲ. ಕೂರಲು ಕಲ್ಲಿಲ್ಲ. ಕೊನೆಗೂ ಒಂದು ಬಸ್ಸು ಬಂತು. ನಿಲ್ಲಲಿಲ್ಲ! ಡ್ರೈವರು ಕೈಬೀಸಿ ‘ಪಾಛಳ್ ಆವೇ ಛೇ’ ಎಂದ. ಹಿಂದೆ ಇನ್ನೊಂದು ಬರುತ್ತಿದೆಯಂತೆ. ಹಿಂದೆ ಬಂದದ್ದು ಶಟಲ್ ರಿಕ್ಷಾ. ಬಸ್ಸಿನ ದುಡ್ಡಿನ ಎರಡು ಪಟ್ಟು ಕೊಟ್ಟು, ಮೂವರ ಸೀಟಿನಲ್ಲಿ ಐವರು ತುರುಕಿಕೊಂಡು ಹೋದೆವು. ತಡವಾಗಿದ್ದಕ್ಕೆ ಅರ್ಧ ದಿನದ ಕೂಲಿಯೂ ಹೋಯಿತು. ಕೂಲಿ ಕತ್ತರಿಸಿದ ಧಣಿ ಬಸ್ಸಿನ ಕಥೆ ಕೇಳುತ್ತಾನೆಯೇ?

ನಮ್ಮ ಸ್ಟಾಪಿಗೆ ಒಬ್ಬ ಅಜ್ಜಿ ಬರುತ್ತಾರೆ. ಎರಡು ಮಂಡಿಯೂ ಸವೆದಿವೆ. ಬಸ್ಸು ಬಂದರೆ ಮೊದಲು ಚೀಲವನ್ನು ಒಳಗೆ ಎಸೆಯುತ್ತಾರೆ. ಆಮೇಲೆ ಸರಳು ಹಿಡಿದು, ಒಂದು ಕಾಲು ಮೇಲಿಟ್ಟು, ಇನ್ನೊಂದು ಕಾಲನ್ನು ಕೈಯಿಂದಲೇ ಎತ್ತಿ ಇಡುತ್ತಾರೆ. ಅಷ್ಟರಲ್ಲಿ ಬಸ್ಸು ಹೊರಟಿರುತ್ತದೆ! ಮೊನ್ನೆ ಚೀಲ ಹೋಯಿತು, ಅಜ್ಜಿ ಉಳಿದರು. ರಸ್ತೆಯ ಅಂಚಿನಲ್ಲೇ ಕೂತು ಕೇಳಿದರು: ‘ಈ ಮೆಟ್ಲು ಮಾಡ್ದವ್ನ ತಾಯಿಗೆ ಮಂಡಿ ಇರ್ಲಿಲ್ವಾ ಮಗಾ?’

ನಮ್ಮ ಬಳಿ ಉತ್ತರವಿರಲಿಲ್ಲ. ನಿಮ್ಮ ಬಳಿ ಇದೆಯೇ?

ರಾತ್ರಿಯ ಕಥೆ ಇನ್ನೂ ಬೇರೆ. ಕುಂದಾಪುರದ ಕಡೆಯ ಒಬ್ಬ ಹುಡುಗ. ಹತ್ತೊಂಬತ್ತು ವರ್ಷ. ಹೋಟೆಲು ತೊಳೆದು ಮುಗಿಸುವಾಗ ಹನ್ನೊಂದೂವರೆ. ಬಸ್ಸಿಲ್ಲ. ದಿನಾ ನಡೆಯುತ್ತಾನೆ. ಫುಟ್‌ಪಾತಿನ ಮೇಲೆ ಬೈಕು ನಿಂತಿವೆ, ಹಾಗಾಗಿ ನಡುರಸ್ತೆಯಲ್ಲೇ ನಡೆಯುತ್ತಾನೆ. ಊರಿಗೆ ಫೋನ್ ಮಾಡಿದಾಗ ತಾಯಿಗೆ ‘ಬಸ್ಸಿನಲ್ಲಿದ್ದೇನೆ’ ಎಂದು ಸುಳ್ಳು ಹೇಳುತ್ತಾನೆ!

ಮೇ ತಿಂಗಳಿನಲ್ಲಿ ಈ ಊರಿನ ಬಿಸಿಲು ಎಂಥದ್ದು ಅಂತ ನಿಮಗೆ ಹೇಳಬೇಕೇ? 2010ರ ಮೇ ತಿಂಗಳೊಂದರಲ್ಲೇ ಅಹಮದಾಬಾದಿನಲ್ಲಿ ಮಾಮೂಲಿಗಿಂತ 1,344 ಸಾವು ಹೆಚ್ಚಾಗಿದ್ದವು. ಆಮೇಲೆ 2013ರಲ್ಲಿ ಪಾಲಿಕೆ ಬಿಸಿಲಿನಿಂದ ಜನರನ್ನು ಕಾಪಾಡುವ ಯೋಜನೆ ಮಾಡಿತು. ದೇಶದಲ್ಲೇ ಮೊದಲು. ಒಳ್ಳೆಯ ಕೆಲಸ, ಒಪ್ಪಿದೆವು. ಮಧ್ಯಾಹ್ನ ನೆರಳಿನಲ್ಲಿರಿ ಎನ್ನುತ್ತಾರೆ. ನೆರಳು ಎಲ್ಲಿದೆ ಸ್ವಾಮಿ? ಬಸ್ ಸ್ಟಾಪಿನ ಕಂಬದ ನೆರಳಿನಲ್ಲಿ ಒಬ್ಬ ನಿಲ್ಲಬಹುದು. ಅವನೂ ಸಣಕಲನಾಗಿರಬೇಕು!

ಬಂಧುಗಳೇ, ಈ ಊರಿಗೆ ಬಸ್ಸು ನಡೆಸಲು ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಇಲ್ಲಿಯ ಪಾಲಿಕೆ ಸ್ವಂತ ಬಸ್ಸು ಓಡಿಸಲು ಶುರು ಮಾಡಿದ್ದು 1947ರ ಏಪ್ರಿಲ್ 1ರಂದು. ಸ್ವಾತಂತ್ರ್ಯ ಬರುವ ಮೊದಲೇ ಎಎಂಟಿಎಸ್ ಬಂದಿತ್ತು! ಆಮೇಲೆ 2009ರ ಅಕ್ಟೋಬರ್ 14ರಂದು ಜನಮಾರ್ಗ ಬಂತು. ಪಿರಾಣಾದಿಂದ ಆರ್‌ಟಿಒವರೆಗೆ ಹನ್ನೆರಡೂವರೆ ಕಿಲೋಮೀಟರು. ಬಸ್ಸಿಗೇ ಬೇರೆ ದಾರಿ, ಪ್ಲಾಟ್‌ಫಾರ್ಮಿಗೆ ಸಮನಾಗಿ ಬಾಗಿಲು. ನಮ್ಮ ಅಜ್ಜಿ ಅಲ್ಲಿ ಕಾಲು ಎತ್ತಬೇಕಾಗಿಲ್ಲ, ಸುಮ್ಮನೆ ಒಳಗೆ ನಡೆದರಾಯಿತು.

ಅದು ತಾನಾಗಿ ಆದದ್ದಲ್ಲ. ಇದೇ ಊರಿನ ಸೆಪ್ಟ್ ವಿಶ್ವವಿದ್ಯಾಲಯದವರು ರೂಪಿಸಿದ್ದು. ಆ ತಂಡವನ್ನು ಮುನ್ನಡೆಸಿದವರು ಪ್ರೊ. ಎಚ್.ಎಂ. ಶಿವಾನಂದ ಸ್ವಾಮಿ. (ಹೆಸರು ಕೇಳಿದರೇ ನಮ್ಮ ಕಡೆಯ ವಾಸನೆ ಬರುತ್ತದೆ, ಅಲ್ಲವೇ?) 2010ರಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಪ್ರಶಸ್ತಿಯೂ ಬಂತು. ಹುಬ್ಬಳ್ಳಿ–ಧಾರವಾಡದ ಚಿಗರಿ ಬಸ್ಸು ಹತ್ತಿದ್ದೀರಲ್ಲ? ಅದರ ಅಣ್ಣ ಈ ಜನಮಾರ್ಗ!

ತಿಳಿದವರು ಕೂತು ಅಳೆದು ಕೆಲಸ ಮಾಡಿದರೆ ಅಜ್ಜಿಯ ಮಂಡಿ ಉಳಿಯುತ್ತದೆ. ತಿಳಿಯದವರು ಮಾಡಿದರೆ?

ಹಾಟಕೇಶ್ವರಕ್ಕೆ ಹೋಗಿ ನೋಡಿ. ನಮ್ಮ ಪಕ್ಕದ್ದೇ. 2017ರಲ್ಲಿ ಫ್ಲೈಓವರ್ ತೆರೆದರು. ಸುಮಾರು 42 ಕೋಟಿ ರೂಪಾಯಿ! ಛತ್ರಪತಿ ಶಿವಾಜಿ ಮಹಾರಾಜರ ಹೆಸರಿಟ್ಟರು. 2022ರಲ್ಲಿ ಮುಚ್ಚಿದರು. ಐದೇ ವರ್ಷ! ಕಾಂಕ್ರೀಟೇ ಕಳಪೆ ಎಂದು ಪರೀಕ್ಷೆಯಲ್ಲಿ ಬಯಲಾಯಿತು. ಆ ಮಹಾರಾಜರ ಕೋಟೆಗಳು ಮುನ್ನೂರು ವರ್ಷ ದಾಟಿಯೂ ನಿಂತಿವೆ. ಅವರ ಹೆಸರಿನ ಸೇತುವೆ ಐದು ವರ್ಷ ನಿಲ್ಲಲಿಲ್ಲ. ಆ 42 ಕೋಟಿ ನಿಮ್ಮದು, ನಮ್ಮದು. ಎಷ್ಟು ಬಸ್ಸು ಬರುತ್ತಿತ್ತು, ಎಷ್ಟು ಸ್ಟಾಪಿಗೆ ಸೂರು ಬರುತ್ತಿತ್ತು, ನೀವೇ ಲೆಕ್ಕ ಹಾಕಿ.

ಮೆಟ್ರೋ ಬಂತಲ್ಲ ಎನ್ನುತ್ತೀರಾ? ಬಂತು. 2019ರಲ್ಲಿ ಸ್ವಲ್ಪ, 2022ರಲ್ಲಿ ಹೆಚ್ಚು. ಆದರೆ ಮಣಿನಗರದ ಒಳಗೆ ಬರಲಿಲ್ಲ. ಕಾಂಕರಿಯಾ ಈಸ್ಟ್ ಸ್ಟೇಷನ್ನೇ ನಮಗೆ ಹತ್ತಿರದ್ದು. ಅಲ್ಲಿಗೆ ಹೋಗಲು ಏನು ಬೇಕು? ಬಸ್ಸು!

ಇದೇ ಮಣಿನಗರ 2002ರಿಂದ 2014ರವರೆಗೆ ನರೇಂದ್ರ ಮೋದಿಯವರ ಕ್ಷೇತ್ರವಾಗಿತ್ತು. ಇಲ್ಲಿಂದ ದೆಹಲಿಗೆ ದಾರಿಯಾಯಿತು. ನಮಗೆ ವಟ್ವಾಕ್ಕೆ ಹೋಗುವುದೇ ದೊಡ್ಡ ಯಾತ್ರೆ.

ಒಂದು ಲಕ್ಷ ಜನಕ್ಕೆ 60 ಬಸ್ಸಿದ್ದರೆ ಅದು ಉತ್ತಮ ಸೇವೆ. ನಾವು ಹೇಳಿದ್ದಲ್ಲ, ಕೇಂದ್ರ ಸರ್ಕಾರದ ನಗರಾಭಿವೃದ್ಧಿ ಇಲಾಖೆ ಇಟ್ಟ ಅಳತೆ. 2011ರ ಜನಗಣತಿಯಲ್ಲೇ ಈ ಊರಿನಲ್ಲಿ 55 ಲಕ್ಷಕ್ಕೂ ಮೇಲೆ ಜನ. ಅಂದರೆ ಆಗಲೇ 3,300ಕ್ಕೂ ಹೆಚ್ಚು ಬಸ್ಸು ಬೇಕಿತ್ತು. ಎಎಂಟಿಎಸ್, ಜನಮಾರ್ಗ ಎರಡನ್ನೂ ಕೂಡಿಸಿದರೂ ಇವತ್ತಿಗೂ ಅದರ ಹತ್ತಿರ ಬರುವುದಿಲ್ಲ. ನಮ್ಮ ಐವತ್ತು ನಿಮಿಷ ಎಲ್ಲಿ ಹೋಯಿತು ಅಂತ ಈಗ ತಿಳಿಯಿತೇ?

ಇನ್ನೊಂದು ಗುಟ್ಟು ಕೇಳಿ. ಬಹುಪಾಲು ಬಸ್ಸು ಗುತ್ತಿಗೆದಾರರವು. ಅವರಿಗೆ ದುಡ್ಡು ಸಿಗುವುದು ಓಡಿದ ಕಿಲೋಮೀಟರಿನ ಲೆಕ್ಕದಲ್ಲಿ. ಹತ್ತಿಸಿಕೊಂಡ ತಲೆಯ ಲೆಕ್ಕದಲ್ಲಿ ಅಲ್ಲ! ನೀವು ಹತ್ತಿದರೂ ಅಷ್ಟೇ, ರಸ್ತೆಯಲ್ಲಿ ನಿಂತರೂ ಅಷ್ಟೇ. ಕೈಬೀಸಿ ಹೋದ ಡ್ರೈವರನ್ನು ಬೈದು ಏನು ಬಂತು? ಅವನೂ ನಮ್ಮಂತೆ ದುಡಿಯುವವನೇ. ಹಾಗೆ ಕರಾರು ಬರೆದವರನ್ನು ಕೇಳಬೇಕು. ಸ್ಟಾಪು ತಪ್ಪಿಸಿದರೆ ದಂಡ ಹಾಕಬಹುದು. ಆದರೆ ತಪ್ಪಿಸಿದ್ದನ್ನು ಹೇಳುವವರು ಯಾರು? ನಾವು ಬೈದುಕೊಂಡು ರಿಕ್ಷಾ ಹತ್ತಿಬಿಡುತ್ತೇವೆ!

ಕರಾರು ಬರೆಯುವವರು, ಮಾರ್ಗ ಗೊತ್ತು ಮಾಡುವವರು, ಬಜೆಟ್ ಮಾಡುವವರು ಯಾರು ಗೊತ್ತೇ? ಪಾಲಿಕೆಯ ಸಾರಿಗೆ ಸಮಿತಿ. ಆ ಸಮಿತಿಯಲ್ಲಿ ಯಾರಿರಬೇಕು? 1949ರ ಪಾಲಿಕೆ ಕಾಯ್ದೆಯ 25ನೇ ಕಲಂ ಓದಿ. ಆಡಳಿತ, ಸಾರಿಗೆ, ಎಂಜಿನಿಯರಿಂಗ್, ಉದ್ಯಮ, ವ್ಯಾಪಾರ, ಹಣಕಾಸು, ಕಾರ್ಮಿಕರ ವಿಷಯ, ಇವುಗಳಲ್ಲಿ ಅನುಭವ ಇರುವವರು, ಸಾಮರ್ಥ್ಯ ತೋರಿಸಿದವರು. ಅವರು ಕಾರ್ಪೊರೇಟರೇ ಆಗಿರಬೇಕೆಂದಿಲ್ಲ! ಮತ್ತೊಮ್ಮೆ ಓದಿ. ಆಗಿರಬೇಕೆಂದಿಲ್ಲ!

ಅಂದರೆ ಮೂವತ್ತು ವರ್ಷ ಸ್ಟೇರಿಂಗು ಹಿಡಿದು ನಿವೃತ್ತನಾದ ಡ್ರೈವರು ಅಲ್ಲಿ ಕೂರಬಹುದು. ಸಾರಿಗೆ ಓದಿ ಬಲ್ಲ ಮೇಷ್ಟರು ಕೂರಬಹುದು. ಕಾರ್ಮಿಕರ ಕಷ್ಟಕ್ಕೆ ಓಡಾಡಿದ ಹೆಣ್ಣುಮಗಳು ಕೂರಬಹುದು. ಎಪ್ಪತ್ತು ವರ್ಷಕ್ಕೂ ಹಳೆಯ ಕಾಯ್ದೆಯೇ ಕುರ್ಚಿ ಹಾಕಿಟ್ಟಿದೆ. ಈಗ ಅಲ್ಲಿ ಕೂತವರಲ್ಲಿ ಎಷ್ಟು ಜನ ನಿನ್ನೆ ಬಸ್ಸು ಹತ್ತಿದ್ದರು? ಕೇಳೋಣ! ಎದುರಿಗೇ ನಿಂತು ಕೇಳೋಣ!

‘ನಾವು ಹೊರಗಿನವರು, ನಮಗೇಕೆ ಉಸಾಬರಿ’ ಎನ್ನುವ ಅಣ್ಣಂದಿರೇ, ಎಷ್ಟು ದಿನ ಹೊರಗಿನವರು? ನಿಮ್ಮ ಮಕ್ಕಳು ಗುಜರಾತಿಯಲ್ಲಿ ಕನಸು ಕಾಣುತ್ತಾರೆ. ಊರಿಗೆ ಹೋದರೆ ಅಲ್ಲಿಯೂ ನೀವು ಹೊರಗಿನವರೇ. 2023ರ ಜೂನ್ 11ರಿಂದ ಕರ್ನಾಟಕದಲ್ಲಿ ಹೆಂಗಸರಿಗೆ ಬಸ್ಸು ಪುಕ್ಕಟೆ. ಆದರೆ ನಮ್ಮ ಅಕ್ಕಂದಿರು ಮಣಿನಗರದ ಆಧಾರ್ ತೋರಿಸಿದರೆ ಕಂಡಕ್ಟರು ಟಿಕೆಟ್ ಹರಿಯುತ್ತಾರೆ! ಅಲ್ಲಿ ಪುಕ್ಕಟೆ ಇಲ್ಲ, ಇಲ್ಲಿ ಬಸ್ಸೇ ಇಲ್ಲ. 2021ರಲ್ಲಿ ಕೊರೊನಾ ಎಂದು ಮಾರ್ಚಿನಿಂದ ಜೂನ್‌ವರೆಗೆ ಈ ಊರಿನ ಎಲ್ಲ ಬಸ್ಸು ನಿಲ್ಲಿಸಿದಾಗ ಕಾರಿದ್ದವರು ಕಾರಿನಲ್ಲಿ ಹೋದರು. ನಾವು ಏನು ಮಾಡಿದೆವು? ನೆನಪಿದೆಯಲ್ಲ?

ಕೇಳಿದರೆ ಆಗುತ್ತದೆಯೇ ಎನ್ನಬೇಡಿ. ಬೆಂಗಳೂರಿನಲ್ಲಿ ಚಾಲುಕ್ಯ ವೃತ್ತದಿಂದ ಹೆಬ್ಬಾಳಕ್ಕೆ ಉಕ್ಕಿನ ಸೇತುವೆ ಕಟ್ಟುತ್ತೇವೆಂದು ಸರ್ಕಾರ ಹೊರಟಿತ್ತು. 2016ರ ಅಕ್ಟೋಬರಿನಲ್ಲಿ ಜನ ಕೈಕೈ ಹಿಡಿದು ರಸ್ತೆಯುದ್ದ ನಿಂತರು. 2017ರ ಮಾರ್ಚಿನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಐದು ತಿಂಗಳು, ಅಷ್ಟೇ!

ಈಗ ಮಾಡಬೇಕಾದ್ದು ಕೇಳಿ.

ಬಸ್ಸು ನಿಲ್ಲಿಸದೆ ಹೋದರೆ ಅದರ ನಂಬರು, ಹೊತ್ತು, ಸ್ಟಾಪು ಬರೆದುಕೊಳ್ಳಿ. ಅಲ್ಲೇ ನಿಂತು ಪಾಲಿಕೆಯ 155303ಕ್ಕೆ ಫೋನು ಮಾಡಿ. ದೂರಿನ ನಂಬರು ಕೇಳಿ ಪಡೆಯಿರಿ. ಒಬ್ಬರು ಮಾಡಿದರೆ ನಗುತ್ತಾರೆ. ಒಂದೇ ಸ್ಟಾಪಿನಿಂದ ದಿನಕ್ಕೆ ನಲವತ್ತು ದೂರು ಹೋಗಲಿ, ನಗುವುದು ನಿಲ್ಲುತ್ತದೆ!

ಮಾಹಿತಿ ಹಕ್ಕಿನ ಅರ್ಜಿ ಹಾಕೋಣ. ಇಪ್ಪತ್ತು ರೂಪಾಯಿ ಶುಲ್ಕ, ಮೂವತ್ತು ದಿನದೊಳಗೆ ಉತ್ತರ ಕೊಡಲೇಬೇಕು. ನಮ್ಮ ಮಾರ್ಗಗಳಿಗೆ ಎಷ್ಟು ಬಸ್ಸು ಗೊತ್ತಾಗಿದೆ? ಕಳೆದ ತಿಂಗಳು ಎಷ್ಟು ಟ್ರಿಪ್ಪು ತಪ್ಪಿತು? ಸ್ಟಾಪು ತಪ್ಪಿಸಿದ್ದಕ್ಕೆ ಎಷ್ಟು ದಂಡ ವಸೂಲಾಯಿತು? ಸಮಿತಿಯ ಒಬ್ಬೊಬ್ಬ ಸದಸ್ಯರಿಗೂ ಸಾರಿಗೆಯ ಅನುಭವ ಏನು? ಅರ್ಜಿ ಕನ್ನಡದಲ್ಲಿ ನಡೆಯುವುದಿಲ್ಲ. ಗುಜರಾತಿ ಶಾಲೆಗೆ ಹೋಗುವ ಮಗಳು ಮನೆಯಲ್ಲಿ ಇದ್ದಾಳಲ್ಲ? ಪೆನ್ನು ಅವಳ ಕೈಗೆ ಕೊಡಿ!

ಜನವರಿ ಬಂದರೆ ಬಸ್ಸಿನ ಕರಡು ಬಜೆಟ್ ಬರುತ್ತದೆ. ಅದಕ್ಕೆ ಮೊದಲೇ ನಮ್ಮ ಮನವಿ ಸಮಿತಿಯ ಮೇಜಿನ ಮೇಲಿರಬೇಕು. ಸ್ಟಾಪಿಗೆ ಸೂರು. ರಾತ್ರಿ ಹನ್ನೆರಡರವರೆಗೆ ಬಸ್ಸು. ತಗ್ಗು ಮೆಟ್ಟಿಲು. ಸಮಿತಿಯಲ್ಲಿ ದಿನಾ ಬಸ್ಸು ಹತ್ತುವ ಒಬ್ಬರಾದರೂ. ನಾಲ್ಕೇ ಸಾಲು. ಗುಜರಾತಿ ನೆರೆಯವರು, ಮರಾಠಿ ನೆರೆಯವರು, ಚಾಲಿಯ ಎಲ್ಲರೂ ಸಹಿ ಹಾಕಲಿ. ಬಿಸಿಲು ಯಾರ ಭಾಷೆಯನ್ನೂ ಕೇಳಿ ಸುಡುವುದಿಲ್ಲ!

ಬರುವ ಭಾನುವಾರ ಬೆಳಿಗ್ಗೆ ಏಳೂವರೆಗೆ ಮಣಿನಗರ ರೈಲ್ವೆ ಸ್ಟೇಷನ್ ಎದುರು ಸೇರೋಣ. ಹೋಟೆಲಿನ ಹುಡುಗರೇ, ಒಬ್ಬರಾದರೂ ಬನ್ನಿ, ಉಳಿದವರ ಸಹಿ ತನ್ನಿ. ಹಳೆಯ ಟಿಕೆಟುಗಳನ್ನು ಬಿಸಾಡಬೇಡಿ, ಜೇಬಿನಲ್ಲಿ ಇದ್ದಷ್ಟು ತನ್ನಿ. ಕಾದ ಹೊತ್ತು ಬರೆದಿಟ್ಟ ಚೀಟಿ ತನ್ನಿ.

ಅಜ್ಜಿ ಬರುತ್ತೇನೆಂದಿದ್ದಾರೆ. ಮೆಟ್ಟಿಲು ಅಳೆಯಲು ಟೈಲರ್ ಅಂಗಡಿಯಿಂದ ಟೇಪು ತರಲು ಹೇಳಿದ್ದಾರೆ.

— ಮಣಿನಗರದಲ್ಲಿ ಬಸ್ಸು ಕಾಯುವ ಕನ್ನಡಿಗರು