ಬೈಸಿಕಲ್ಲೂ ಸ್ನೇಹಧರ್ಮವೂ

ಭಾನುವಾರದ ಬೆಳಗಿನ ಜಾವ ಐದು ಗಂಟೆಯ ವೇಳೆಗೆ ನಮ್ಮ ಮೈಸೂರಿನಿಂದ ನಂಜನಗೂಡಿನ ಕಡೆಗಾಗಲಿ, ತಿರುಮಕೂಡಲು ನರಸೀಪುರದ ಕಡೆಗಾಗಲಿ, ಶ್ರೀರಂಗಪಟ್ಟಣದ ಕಡೆಗಾಗಲಿ ಹೋಗುವ ದಾರಿಯಲ್ಲಿ ವಾಯುಸೇವನೆಗೆ ಹೊರಟ ವಾಚಕರು ಒಂದು ನೋಟವನ್ನು ಕಂಡಿರಬಹುದು. ತಲೆಗೆ ಶಿರಸ್ತ್ರಾಣವನ್ನು ಧರಿಸಿ, ಹಿಂಬದಿಯಲ್ಲಿ ಕೆಂಪು ದೀಪವನ್ನು ಮಿನುಗಿಸುತ್ತ, ಎಂಟು ಹತ್ತು ಮಂದಿ ಬೈಸಿಕಲ್ಲುಗಳ ಮೇಲೆ ಒಬ್ಬರ ಹಿಂದೊಬ್ಬರು ಸಾಲಾಗಿ ಸಾಗುತ್ತಿರುವರು. ಅವರಲ್ಲಿ ಕಾಲೇಜಿನ ಹುಡುಗರುಂಟು, ವೈದ್ಯರುಂಟು, ಗೃಹಿಣಿಯರುಂಟು. ನನ್ನಂತೆ ಪಿಂಚಣಿ ಪಡೆಯುವ ಮುದುಕರೂ ಉಂಟು.

ಇದನ್ನು ಕಂಡ ಮನೆಯ ಹಿರಿಯರು ಕೇಳುವ ಪ್ರಶ್ನೆ ಸಹಜವಾದುದೇ ಆಗಿದೆ. "ಸೋಮನಾಥಪುರವನ್ನು ನೋಡಬೇಕಾದರೆ ಬಸ್ಸಿಲ್ಲವೆ? ದೇಹಕ್ಕೆ ವ್ಯಾಯಾಮ ಬೇಕಾದರೆ ಕುಕ್ಕರಹಳ್ಳಿಯ ಕೆರೆಯ ಏರಿಯಿಲ್ಲವೆ? ಅರುವತ್ತು ಎಪ್ಪತ್ತು ಮೈಲಿ ಪೆಡಲು ತುಳಿದು ಬೆವರು ಸುರಿಸಿ ಮನೆಗೆ ಬಂದು ಮಲಗುವುದರಿಂದ ಸಿದ್ಧಿಸುವ ಪುರುಷಾರ್ಥವಾದರೂ ಏನು?" ಈ ಪ್ರಶ್ನೆಗೆ ಉತ್ತರ ಹೇಳುವುದು ಈ ಮಾಸದ ಲೇಖನದ ಉದ್ದೇಶ.

ಮೊದಲು ಈ ವಾಹನದ ಪೂರ್ವಚರಿತ್ರೆಯನ್ನು ಎರಡು ಮಾತಿನಲ್ಲಿ ಹೇಳುವೆನು. ಜರ್ಮನಿಯ ಕಾರ್ಲ್ ಡ್ರೈಸ್ ಎಂಬಾತನು 1817ರಲ್ಲಿ ನಿರ್ಮಿಸಿದ ಎರಡು ಗಾಲಿಯ ಯಂತ್ರಕ್ಕೆ ಪೆಡಲೇ ಇರಲಿಲ್ಲ. ಸವಾರನು ಕಾಲಿನಿಂದ ನೆಲವನ್ನು ಒದ್ದು ಮುಂದೆ ಸಾಗಬೇಕಾಗಿತ್ತು. ಇಂದು ನಾವು ಕಾಣುವಂತೆ ಎರಡು ಗಾಲಿಗಳೂ ಹೆಚ್ಚು ಕಡಮೆ ಒಂದೇ ಅಳತೆಯಾಗಿ, ಚೈನಿನಿಂದ ಹಿಂದಿನ ಗಾಲಿಯನ್ನು ತಿರುಗಿಸುವ ಬೈಸಿಕಲ್ಲನ್ನು ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿಯು 1885ರಲ್ಲಿ ಬಳಕೆಗೆ ತಂದನು. ಮೂರು ವರ್ಷಗಳ ತರುವಾಯ, 1888ರಲ್ಲಿ, ಜಾನ್ ಬಾಯ್ಡ್ ಡನ್‌ಲಪ್ಪನು ಗಾಳಿ ತುಂಬಿದ ರಬ್ಬರಿನ ಟೈರಿಗೆ ಪೇಟೆಂಟು ಪಡೆದನು. ಅಲ್ಲಿಗೆ ಸವಾರನ ಬೆನ್ನುಮೂಳೆಗೆ ನೆಮ್ಮದಿಯೂ ದೂರದ ಊರುಗಳಿಗೆ ಸಾಮೀಪ್ಯವೂ ಒಟ್ಟಿಗೆ ಬಂದವು.

ದೂರದ ಊರಿನ ಆಸೆ ಮನುಷ್ಯನನ್ನು ಎಲ್ಲಿಯವರೆಗೆ ಕೊಂಡೊಯ್ಯಬಲ್ಲುದೆಂಬುದಕ್ಕೆ ನಮ್ಮ ದೇಶದಲ್ಲಿಯೇ ಒಂದು ನಿದರ್ಶನವುಂಟು. 1923ರ ಅಕ್ಟೋಬರಿನಲ್ಲಿ ಮುಂಬಯಿಯ ಆರು ಮಂದಿ ಪಾರಸಿ ತರುಣರು ಬೈಸಿಕಲ್ಲುಗಳ ಮೇಲೆ ಭೂಪ್ರದಕ್ಷಿಣೆಗೆ ಹೊರಟರು. ಅವರಲ್ಲಿ ಮೂವರು ಬೇರೆ ಬೇರೆ ಕಾರಣಗಳಿಂದ ನಡುವೆಯೇ ನಿಂತರು. ಆದಿ ಹಕೀಮ್, ಜಾಲ್ ಬಾಪಸೋಲಾ, ರುಸ್ತುಮ್ ಭೂಮ್‌ಗರಾ ಎಂಬ ಮೂವರು ಪರ್ಷಿಯಾ, ಯೂರೋಪು, ಅಮೆರಿಕ, ಜಪಾನ್, ಚೀನಾಗಳನ್ನು ದಾಟಿ 1928ರ ಮಾರ್ಚಿಯಲ್ಲಿ ಮುಂಬಯಿಗೆ ಮರಳಿದರು. ಒಬ್ಬನೇ ಹೊರಟಿದ್ದರೆ ಮೊದಲನೆಯ ಮರುಭೂಮಿಯಲ್ಲಿಯೇ ಧೈರ್ಯಗೆಡುತ್ತಿದ್ದನೋ ಏನೋ. ಮೂವರಿದ್ದುದರಿಂದ ಒಬ್ಬನ ಉತ್ಸಾಹ ಬತ್ತಿದಾಗ ಇನ್ನೊಬ್ಬನದು ಅವನಿಗೆ ಸಾಲವಾಗಿ ದೊರೆತಿರಬೇಕು.

ನಮಗೆ ಅಂತಹ ಸಾಹಸ ಬೇಕಿಲ್ಲ. ಮೈಸೂರಿನ ಸುತ್ತಲಿನ ಸೀಮೆಯೇ ಸಾಕು. ಶ್ರೀರಂಗಪಟ್ಟಣ ಹತ್ತು ಮೈಲಿ, ನಂಜನಗೂಡು ಹದಿನೈದು ಮೈಲಿ. ಹೊಸ ಸವಾರನಿಗೆ ಇವು ಅಕ್ಷರಾಭ್ಯಾಸದಂತೆ. ಅನಂತರ ಸೋಮನಾಥಪುರ. 1258ರಲ್ಲಿ ಹೊಯ್ಸಳರ ದಂಡನಾಯಕ ಸೋಮನಾಥನು ಪ್ರತಿಷ್ಠೆ ಮಾಡಿಸಿದ ಅಲ್ಲಿಯ ಕೇಶವ ದೇವಾಲಯವು 2023ರಲ್ಲಿ ಬೇಲೂರು ಹಳೇಬೀಡುಗಳೊಡನೆ ವಿಶ್ವಪರಂಪರೆಯ ಪಟ್ಟಿಗೆ ಸೇರಿದೆ. ಇನ್ನೂ ಶಕ್ತಿಯಿದ್ದವರಿಗೆ ತಲಕಾಡು, ಮೇಲುಕೋಟೆ. ಅದಕ್ಕೂ ಮಿಗಿಲಾದವರಿಗೆ ಗುಂಡ್ಲುಪೇಟೆ ಬಂಡೀಪುರಗಳ ಮೇಲೆ ಉದಕಮಂಡಲ. ಮಸಿನಗುಡಿಯಿಂದ ಮೇಲೆ ಕಲ್ಹಟ್ಟಿಯ ಘಟ್ಟದಲ್ಲಿ ಮೂವತ್ತಾರು ತಿರುವುಗಳಿರುವುವು. ಅಲ್ಲಿ ಸವಾರನಿಗೆ ತನ್ನ ತೂಕವೆಷ್ಟೆಂಬುದು ತಕ್ಕಡಿಯಿಲ್ಲದೆಯೇ ತಿಳಿಯುವುದು. 2008ರಿಂದ ನಡೆದುಬಂದ 'ಟೂರ್ ಆಫ್ ನೀಲಗಿರೀಸ್' ಎಂಬ ಹಲವು ದಿನಗಳ ಸವಾರಿಯು ಈ ದಾರಿಗಳನ್ನು ದೇಶಕ್ಕೆಲ್ಲ ಪರಿಚಯ ಮಾಡಿಕೊಟ್ಟಿದೆ. ನಗರದೊಳಗೆ 2017ರ ಜೂನಿನಲ್ಲಿ 'ಟ್ರಿಣ್ ಟ್ರಿಣ್' ಎಂಬ ಹೆಸರಿನ ಬಾಡಿಗೆಯ ಬೈಸಿಕಲ್ಲುಗಳ ಏರ್ಪಾಡು 450 ಸೈಕಲ್ಲುಗಳೊಡನೆ ಪ್ರಾರಂಭವಾದುದೂ ವಾಚಕರಿಗೆ ನೆನಪಿರಬಹುದು.

ಇಷ್ಟು ಪೀಠಿಕೆಯಾಯಿತು. ಈಗ ಪುರುಷಾರ್ಥದ ಪ್ರಶ್ನೆಗೆ ಬರೋಣ.

ಗುಂಪಿನಲ್ಲಿ ಬೈಸಿಕಲ್ಲು ತುಳಿಯುವವರಿಗೆ ಮೊದಲು ಗೋಚರವಾಗುವ ಶತ್ರು ಗಾಳಿ. ವೇಗ ಹೆಚ್ಚಿದಂತೆಲ್ಲ ಸವಾರನ ಶ್ರಮದ ಬಹುಭಾಗವು ಎದುರುಗಾಳಿಯನ್ನು ಸೀಳುವುದಕ್ಕೇ ವ್ಯಯವಾಗುವುದು. ಮುಂದಿರುವವನು ಗಾಳಿಯನ್ನು ಸೀಳಿದರೆ ಅವನ ಬೆನ್ನಿಗೆ ಹತ್ತಿರವಾಗಿ ಬರುವವನಿಗೆ ಶ್ರಮದಲ್ಲಿ ಹೆಚ್ಚು ಕಡಮೆ ಕಾಲುಭಾಗವು ಉಳಿಯುವುದು. ಆದುದರಿಂದ ಅನುಭವಿಗಳ ಗುಂಪಿನಲ್ಲಿ ಒಬ್ಬನೇ ಸದಾ ಮುಂದಿರುವುದಿಲ್ಲ. ಸ್ವಲ್ಪ ದೂರ ಮುಂದಾಳಾಗಿ ಗಾಳಿಯನ್ನು ಹೊತ್ತವನು ಪಕ್ಕಕ್ಕೆ ಸರಿದು ಹಿಂದಕ್ಕೆ ಬರುವನು. ಎರಡನೆಯವನು ಆ ಭಾರವನ್ನು ವಹಿಸುವನು. ಆಕಾಶದಲ್ಲಿ ಕೊಕ್ಕರೆಯ ಸಾಲು ಹೋಗುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗುಂಪಿನಲ್ಲಿ ಅಶಕ್ತನಾದವನನ್ನು ಮುಂದಾಳಿನ ಹಿಂದೆಯೇ, ಗಾಳಿಯ ಮರೆಯಲ್ಲಿ, ಇರಿಸುವರು. ಎಲ್ಲರಿಗಿಂತ ಬಲಶಾಲಿಯಾದವನು ಎಲ್ಲರಿಗಿಂತ ಹಿಂದೆ ಬರುವನು; ಏಕೆಂದರೆ ಯಾರ ಟ್ಯೂಬು ಪಂಕ್ಚರಾಯಿತು, ಯಾರ ಚೈನು ಕಳಚಿತು ಎಂದು ನೋಡಿ, ನಿಂತು, ಸರಿಮಾಡಿಸಿ, ಮತ್ತೆ ಗುಂಪನ್ನು ಕೂಡಿಕೊಳ್ಳುವ ಶಕ್ತಿ ಅವನಿಗೇ ಇರುವುದು. ಬಲವಿದ್ದವನು ಹಿಂದೆ ನಿಲ್ಲುವ ಈ ವ್ಯವಸ್ಥೆಯನ್ನು ಲೋಕದಲ್ಲಿ ಬೇರೆ ಎಲ್ಲಿ ಎಷ್ಟು ಕಾಣುತ್ತೇವೆ ಎಂಬುದನ್ನು ವಾಚಕರೇ ಯೋಚಿಸಬೇಕು.

ಎರಡನೆಯ ಸಂಗತಿ, ಸ್ಥಾನದ ಗಣನೆಯಿಲ್ಲದಿರುವುದು. ಫ್ರಾನ್ಸಿನಲ್ಲಿ 1891ರಲ್ಲಿ ಪ್ಯಾರಿಸಿನಿಂದ ಬ್ರೆಸ್ಟ್ ಎಂಬ ಕಡಲತೀರದ ಊರಿಗೆ ಹೋಗಿ ಹಿಂದಿರುಗುವ, ಸುಮಾರು 1200 ಕಿಲೋಮೀಟರುಗಳ ಒಂದು ಪಂದ್ಯ ಏರ್ಪಟ್ಟಿತು. ಶಾರ್ಲ್ ತೆರೋಂ ಎಂಬಾತನು ನಿದ್ರೆಯನ್ನು ತೊರೆದು 71 ಗಂಟೆ 22 ನಿಮಿಷಗಳಲ್ಲಿ ಅದನ್ನು ಮುಗಿಸಿ ಗೆದ್ದನು. ಹತ್ತು ವರ್ಷಗಳಿಗೊಮ್ಮೆ ನಡೆಯುತ್ತಿದ್ದ ಈ ಪಂದ್ಯವು 1951ರ ತರುವಾಯ ನಿಂತುಹೋಯಿತು. ಆದರೆ 1931ರಿಂದ ಅದರ ಜೊತೆಗೇ, ಗೆಲ್ಲುವ ಉದ್ದೇಶವಿಲ್ಲದೆ ನಿಗದಿಯಾದ ಕಾಲದೊಳಗೆ ಮುಗಿಸುವ ಸವಾರಿಯನ್ನು ಪ್ಯಾರಿಸಿನ ಒಡಾಕ್ಸ್ ಸಂಘದವರು ನಡೆಸತೊಡಗಿದ್ದರು. ಪಂದ್ಯವು ಹೋಯಿತು, ಪಂದ್ಯವಲ್ಲದುದು ಉಳಿಯಿತು. ಈಗ ಅದು ನಾಲ್ಕು ವರ್ಷಗಳಿಗೊಮ್ಮೆ ನಡೆಯುವುದು. ಮಿತಿ ಹೆಚ್ಚೆಂದರೆ 90 ಗಂಟೆಗಳು. 2019 ಮತ್ತು 2023ರಲ್ಲಿ ನೂರಾರು ಮಂದಿ ಭಾರತೀಯರು ಅದರಲ್ಲಿ ಭಾಗವಹಿಸಿದರು.

ಅದೇ ಸಂಪ್ರದಾಯದ ಸಣ್ಣ ಸವಾರಿಗಳು ಬೆಂಗಳೂರೇ ಮೊದಲಾದ ನಮ್ಮ ಅನೇಕ ನಗರಗಳಲ್ಲಿಯೂ ನಡೆಯುವುವು. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ ಇಪ್ಪತ್ತು, 400ಕ್ಕೆ ಇಪ್ಪತ್ತೇಳು, 600ಕ್ಕೆ ನಲವತ್ತು ಗಂಟೆ. ದಾರಿಯಲ್ಲಿ ಗೊತ್ತಾದ ಸ್ಥಳಗಳಲ್ಲಿ ತಾನು ಬಂದುದಕ್ಕೆ ಸಾಕ್ಷಿಯಾಗಿ ಚೀಟಿಗೆ ಗುರುತು ಹಾಕಿಸಿಕೊಳ್ಳಬೇಕು. ಅವಧಿಯೊಳಗೆ ಮುಗಿಸಿದವರೆಲ್ಲರೂ ಸಮಾನರು. ಮೊದಲು ಬಂದವನೂ ಗಡುವಿಗೆ ಐದು ನಿಮಿಷವಿರುವಾಗ ಬಂದವನೂ ಒಂದೇ ಪಂಕ್ತಿಯವರು. ಪ್ರಥಮ, ದ್ವಿತೀಯ ಎಂಬ ಮಾತೇ ಇಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಪಾಠಶಾಲೆಯಲ್ಲಿದ್ದು ಮಕ್ಕಳ ಅಂಕಗಳ ಪಟ್ಟಿಯನ್ನು ಬರೆದ ನನಗೆ ಈ ನಿಯಮವನ್ನು ಮೊದಲು ಕೇಳಿದಾಗ ಆದ ಆಶ್ಚರ್ಯವನ್ನು ಹೇಳತೀರದು. ಹತ್ತು ವರ್ಷದ ಕೂಸಿಗೂ ಪಕ್ಕದ ಮನೆಯ ಕೂಸಿನೊಡನೆ ಸ್ಪರ್ಧೆ ಹೂಡಿಸುವ ಈ ಕಾಲದಲ್ಲಿ, ತನ್ನ ನಿನ್ನೆಯ ಶಕ್ತಿಯೊಡನೆ ಮಾತ್ರ ಹೋಲಿಸಿಕೊಂಡು, ಪಕ್ಕದವನನ್ನು ಒಡನಾಡಿಯೆಂದೇ ಎಣಿಸುವ ಒಂದು ಆಟ ಉಳಿದಿರುವುದು ನಮ್ಮ ಭಾಗ್ಯ.

ಇಲ್ಲಿ ನಮ್ಮ ಮಂಡಲಿಯ ಒಂದು ಪ್ರಸಂಗವನ್ನು ಹೇಳುವುದು ಅಪ್ರಸ್ತುತವಾಗದು. ನಾವು ಆರು ಮಂದಿ. ನಾನು, ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಮಿತ್ರರು, ಔಷಧದ ಅಂಗಡಿಯ ಯಜಮಾನರು, ಕಾಲೇಜಿನ ಅಧ್ಯಾಪಕಿಯೊಬ್ಬರು, ಇಬ್ಬರು ತರುಣರು. ಬ್ಯಾಂಕಿನ ಮಿತ್ರರಿಗೆ ಪತ್ನೀವಿಯೋಗವಾಗಿ ಎರಡು ವರ್ಷಗಳಾಗಿದ್ದುವು. ಅಷ್ಟು ಕಾಲವೂ ಅವರು ಮನೆಯ ಹೊಸ್ತಿಲನ್ನು ದಾಟಿದುದೇ ಅಪರೂಪ. ಹೇಗೋ ಒಡಂಬಡಿಸಿ ಕರೆತಂದಿದ್ದೆವು. ಒಂದು ಮಾರ್ಗಶಿರ ಮಾಸದಲ್ಲಿ ಪಾಂಡವಪುರದ ಮೇಲೆ ಮೇಲುಕೋಟೆಗೆ ಹೊರಟೆವು. ಗದ್ದೆಬಯಲಿನ ದಾರಿಯುದ್ದಕ್ಕೂ ಅವರು ಚೆನ್ನಾಗಿಯೇ ಬಂದರು; ಕೊನೆಯ ಬೆಟ್ಟದ ಏರಿನಲ್ಲಿ ಅವರ ಕಾಲು ಸೋತಿತು. ದಾರಿಯ ಪಕ್ಕದ ಕಲ್ಲಿನ ಮೇಲೆ ಕುಳಿತು, "ಮೇಷ್ಟ್ರೇ, ನೀವೆಲ್ಲ ಹೋಗಿಬನ್ನಿ. ನಾನು ಇಲ್ಲಿಯೇ ಇರುತ್ತೇನೆ. ಗುಡಿಯ ಬಾಗಿಲು ಹಾಕಿಬಿಟ್ಟಾರು" ಎಂದರು.

ಅವರ ಮಾತು ನಿಜವೇ ಆಗಿತ್ತು. ಮಧ್ಯಾಹ್ನಕ್ಕೆ ಚೆಲುವನಾರಾಯಣನ ದರ್ಶನ ನಿಲ್ಲುವುದು. ಹೋಗುವವರು ಹೋಗಿಬರಬಹುದಾಗಿತ್ತು. ಆದರೆ ತರುಣರಲ್ಲಿ ಒಬ್ಬನು ಮಾತಿಲ್ಲದೆ ತನ್ನ ಸೈಕಲ್ಲಿನಿಂದಿಳಿದು, ಅದನ್ನು ಗೆಳೆಯನ ಕೈಗೆ ಕೊಟ್ಟು, ಹಿರಿಯರ ಸೈಕಲ್ಲಿನ ಹ್ಯಾಂಡಲನ್ನು ಹಿಡಿದು, "ಬನ್ನಿ ಸಾರ್, ನಡೆದುಕೊಂಡೇ ಹೋಗೋಣ" ಎಂದನು. ಎಲ್ಲರೂ ಇಳಿದೆವು; ಎಲ್ಲರೂ ನಡೆದೆವು. ಮೇಲೆ ತಲುಪುವ ವೇಳೆಗೆ ಬಾಗಿಲು ಹಾಕಿತ್ತು. ಕಲ್ಯಾಣಿಯ ಮೆಟ್ಟಲಿನ ಮೇಲೆ ಕುಳಿತು ಪುಳಿಯೋಗರೆಯನ್ನು ತಿಂದು, ದರ್ಶನವಿಲ್ಲದೆಯೇ ಇಳಿದು ಬಂದೆವು. ದೂರ ಬಂದು ದೇವರನ್ನು ಕಾಣದೆ ಹಿಂದಿರುಗಿದ ಖೇದ ಅಧ್ಯಾಪಕಿಯವರಿಗೆ ಬಹಳವಾಗಿತ್ತು. ಅದನ್ನು ಅವರು ಮುಚ್ಚಿಡಲೂ ಇಲ್ಲ. ಆದರೆ ಊರಿಗೆ ಬಂದು ಬೀಳ್ಕೊಳ್ಳುವಾಗ ಬ್ಯಾಂಕಿನ ಮಿತ್ರರು, "ಮುಂದಿನ ಭಾನುವಾರ ಎಷ್ಟು ಗಂಟೆಗೆ?" ಎಂದು ಕೇಳಿದರು. ಎರಡು ವರ್ಷಗಳಲ್ಲಿ ಅವರು ಮುಂದಿನ ವಾರದ ಮಾತನ್ನು ತಾವಾಗಿ ಎತ್ತಿದುದು ಅದೇ ಮೊದಲು.

ಸಂಸ್ಕೃತದಲ್ಲಿ 'ಸಾಪ್ತಪದೀನ' ಎಂದೊಂದು ಶಬ್ದವಿದೆ. ಏಳು ಹೆಜ್ಜೆಗಳಿಂದ ಉಂಟಾದುದು ಎಂದು ಅದರ ಅವಯವಾರ್ಥ. ಸಖ್ಯವೆಂದು ಅದರ ತಾತ್ಪರ್ಯ. ಪಾಣಿನಿಯೇ ಈ ಅರ್ಥದಲ್ಲಿ ಅದನ್ನು ಸಾಧಿಸಿಕೊಟ್ಟಿದ್ದಾನೆ. ವಿವಾಹದ ಸಪ್ತಪದಿಯ ಹಿಂದಿರುವ ಭಾವವೂ ಇದೇ. ಜೊತೆಯಲ್ಲಿ ಏಳು ಹೆಜ್ಜೆ ಇಟ್ಟವರು ಮಿತ್ರರಾಗುವರೆಂದ ಮೇಲೆ, ಜೊತೆಯಲ್ಲಿ ಹರದಾರಿಗಟ್ಟಲೆ ಗಾಲಿಯುರುಳಿಸಿ, ಒಂದೇ ಸೀಸೆಯ ನೀರನ್ನು ಹಂಚಿಕೊಂಡು, ಒಬ್ಬರ ಟ್ಯೂಬಿಗೆ ಇನ್ನೊಬ್ಬರು ಪ್ಯಾಚು ಹಾಕಿದವರ ಸಖ್ಯವನ್ನು ಏನೆಂದು ಕರೆಯಬೇಕು?

ಹೀಗೆಂದ ಮಾತ್ರಕ್ಕೆ ವೇಗಶಾಲಿಗಳಾದ ಎಳೆಯರು ಸದಾ ಮುದುಕರ ಹಿಂದೆ ತೆವಳಬೇಕೆಂದು ನನ್ನ ಮತವಲ್ಲ. ಅವರ ಕಾಲಿನ ಬಲಕ್ಕೂ ಅದರದೇ ಆದ ಹಕ್ಕುಂಟು. ವೇಗಕ್ಕೊಂದು ದಿನ, ಸಹವಾಸಕ್ಕೊಂದು ದಿನ ಎಂದು ಹೊರಡುವ ಮೊದಲೇ ಗೊತ್ತುಮಾಡಿಕೊಳ್ಳಬಹುದು. ಜೊತೆಯಲ್ಲಿ ಹೋಗುವೆವೆಂದು ಮಾತುಕೊಟ್ಟು ಹೊರಟ ಮೇಲೆ ಮಾತ್ರ ಗುಂಪಿನ ವೇಗವು ನಿಧಾನವಾದವನ ವೇಗವೇ ಆಗಿರತಕ್ಕದ್ದು.

ಇನ್ನು ಮನೆಯವರ ಭಯದ ವಿಚಾರ. ಅದು ನಿರಾಧಾರವಾದುದಲ್ಲ. 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥದ ಮುಖ್ಯ ಭಾಗದಲ್ಲಿ ಅದೇ ವರ್ಷದ ಆಗಸ್ಟ್ 1ರಿಂದ ಮೋಟಾರು ಬೈಕುಗಳನ್ನೂ ಎಂಜಿನ್ನಿಲ್ಲದ ವಾಹನಗಳನ್ನೂ ನಿಷೇಧಿಸಲಾಯಿತು. ಆ ನಿಷೇಧವನ್ನು ಮೀರದೆ ಪಕ್ಕದ ಸರ್ವಿಸ್ ರಸ್ತೆಯನ್ನೋ ಹಳ್ಳಿಗಳ ಒಳದಾರಿಯನ್ನೋ ಹಿಡಿಯುವುದೇ ವಿವೇಕ, ಸೌಂದರ್ಯವಿರುವುದೂ ಒಳದಾರಿಯಲ್ಲಿಯೇ. ಸುಗ್ಗಿಯ ಕಾಲದಲ್ಲಿ ರಸ್ತೆಯ ಮೇಲೆ ಒಕ್ಕಣೆಗೆ ಹರಡಿದ ರಾಗಿ ಹುರುಳಿಗಳ ಮೇಲೆ ಗಾಲಿ ಜಾರುವುದು. ಕಬ್ಬಿನ ಟ್ರಾಕ್ಟರುಗಳು ದಾರಿಯನ್ನೆಲ್ಲ ಆಕ್ರಮಿಸುವುವು. ಆದುದರಿಂದ ಒಬ್ಬರ ಹಿಂದೊಬ್ಬರು ಹೋಗಬೇಕು. ಮುಂದಿರುವವನು ಹಳ್ಳವನ್ನೋ ಉಬ್ಬನ್ನೋ ಕಂಡೊಡನೆ ಕೈಸನ್ನೆಯಿಂದ ಹಿಂದಿನವರಿಗೆ ತೋರಿಸಬೇಕು. ಶಿರಸ್ತ್ರಾಣವನ್ನೂ ಹಿಂದಿನ ಕೆಂಪು ದೀಪವನ್ನೂ ಮರೆಯಕೂಡದು. ಬ್ರೇಕನ್ನು ಹಿಂದಿನ ರಾತ್ರಿಯೇ ಪರೀಕ್ಷಿಸಬೇಕು. ಪೆಡಲು ಅತಿ ಕೆಳಗಿರುವಾಗ ಮೊಣಕಾಲು ಸ್ವಲ್ಪವೇ ಬಾಗಿರುವಷ್ಟು ಎತ್ತರಕ್ಕೆ ಸೀಟನ್ನು ಏರಿಸಿಕೊಂಡರೆ ಕೀಲುನೋವಿನ ಅರ್ಧಭಾಗ ತಪ್ಪುವುದು. ಹಸಿವಾಗುವ ಮೊದಲೇ ತಿನ್ನಬೇಕು, ಬಾಯಾರುವ ಮೊದಲೇ ಕುಡಿಯಬೇಕು. ಬಾಳೆಯ ಹಣ್ಣು, ಹುರಿಗಡಲೆ ಬೆಲ್ಲ, ಉಪ್ಪು ಬೆರಸಿದ ಮಜ್ಜಿಗೆ ಇವಕ್ಕಿಂತ ಉತ್ತಮವಾದ ಪಥ್ಯವನ್ನು ನಾನು ಕಾಣೆ. ಹೃದಯದ ಅಥವಾ ರಕ್ತದೊತ್ತಡದ ತೊಂದರೆಯುಳ್ಳ ಹಿರಿಯರು ವೈದ್ಯರನ್ನು ಕೇಳದೆ ಬೆಟ್ಟದ ದಾರಿಗೆ ಹೋಗಲಾಗದು.

ಸೋದರಿಯರಿಗೂ ಒಂದು ಮಾತು. 2006–07ನೆಯ ಸಾಲಿನಿಂದ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲುಗಳನ್ನು ಕೊಡಲು ಪ್ರಾರಂಭಿಸಿದಾಗ, ಹಳ್ಳಿಯ ಹೆಣ್ಣುಮಕ್ಕಳು ಮೂರು ಮೂರು ಮಂದಿಯಾಗಿ ಮಾತನಾಡುತ್ತ ಶಾಲೆಗೆ ಬರುವುದನ್ನು ನಾನು ಕಣ್ಣಾರೆ ಕಂಡೆನು. ಅವರೇ ಇಂದು ಗೃಹಿಣಿಯರಾಗಿರುವರು. ಅಂದು ಶಾಲೆಗೆ ತುಳಿದ ಗಾಲಿಯನ್ನು ಇಂದು ವಾರಕ್ಕೊಂದು ಬೆಳಗ್ಗೆ ತಮ್ಮ ಸಂತೋಷಕ್ಕಾಗಿ ತುಳಿಯಬೇಕೆನಿಸಿದರೆ, ಆ ದಿನದ ಕಾಫಿಯನ್ನು ಮನೆಯ ಗಂಡಸರು ಕಾಸಿಕೊಂಡರೆ ಗೃಹಸ್ಥಧರ್ಮಕ್ಕೆ ಲೋಪವಾಗದು.

ಆದುದರಿಂದ ತಾಯಂದಿರೆ, ತಂದೆಗಳಿರಾ, ಮಕ್ಕಳು ಇಂತಹ ಸವಾರಿಯಿಂದ ಮನೆಗೆ ಬಂದಾಗ ಎಷ್ಟು ಮೈಲಿಯಾಯಿತೆಂದು ಅಗತ್ಯವಾಗಿ ಕೇಳಿರಿ. ಮೈಲಿಯ ಲೆಕ್ಕದಲ್ಲಿ ಅವರಿಗೆ ಹೆಮ್ಮೆಯಿರುವುದು. ಅನಂತರ, ಇಂದು ಹಿಂದೆ ಉಳಿದವರು ಯಾರು, ಅವರಿಗಾಗಿ ಕಾದು ನಿಂತವರು ಯಾರು ಎಂದೂ ಕೇಳಿರಿ. ಆ ಎರಡನೆಯ ಪ್ರಶ್ನೆಗೆ ಬರುವ ಉತ್ತರದಿಂದ, ಅವರ ಸಹವಾಸ ಎಂತಹುದೆಂಬುದೂ ಮುಂದಿನ ಭಾನುವಾರ ಅವರನ್ನು ನಿಶ್ಚಿಂತೆಯಾಗಿ ಕಳುಹಿಸಬಹುದೇ ಎಂಬುದೂ ನಿಮಗೆ ತಾನಾಗಿ ತಿಳಿಯುವುದು.