ನೌಕರಿ ಕೊಡಿಸುವವರ ನೌಕರಿ

ಬಸವಕಲ್ಯಾಣ, ಹುಮನಾಬಾದಿನ ಪದವೀಧರರು ಕೆಲಸ ಅರಸಿ ಹೈದರಾಬಾದಿಗೋ ಪುಣೆಗೋ ಹೊರಡುವುದು ಹೊಸತಲ್ಲ. ಅನ್ಯರಿಗೆ ನೌಕರಿ ಹುಡುಕಿಕೊಡುವ ನೇಮಕಾತಿ ಸಲಹಾ ಸಂಸ್ಥೆಗಳೂ ಇಂಥವರನ್ನು ಸೇರಿಸಿಕೊಳ್ಳುತ್ತವೆ. ಪರರ ವೇತನಕ್ಕಾಗಿ ಚೌಕಾಸಿ ಮಾಡುವ ಇವರ ವೇತನವೇ ಅನಿಶ್ಚಿತವೆಂಬುದು ವಿಪರ್ಯಾಸ. ಹಲವೆಡೆ ನಿಗದಿತ ಸಂಬಳ ಅಲ್ಪ, ಉಳಿದದ್ದು ಕಮಿಷನ್. ಕಳುಹಿಸಿದ ಅಭ್ಯರ್ಥಿ ಕೆಲವೇ ವಾರಗಳಲ್ಲಿ ಕೆಲಸ ಬಿಟ್ಟರೆ ಅದಕ್ಕೂ ಕತ್ತರಿ.

ಕಲ್ಯಾಣ ಕರ್ನಾಟಕಕ್ಕೆ ದೊರೆತ 371(ಜೆ) ವಿಧಿಯ ಮೀಸಲಾತಿ ಖಾಸಗಿ ನೌಕರಿಗೆ ಅನ್ವಯಿಸದು. ಆದ್ದರಿಂದ ಕಾರ್ಮಿಕ ಕಾನೂನೇ ಆಸರೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ, ಕಮಿಷನ್, ಮನೆ ಬಾಡಿಗೆ ಭತ್ಯೆ ಮುಂತಾದವು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದ ಭಾಗವೂ ವೇತನವೆನಿಸುತ್ತದೆ. ಗ್ರಾಚ್ಯುಟಿಯಂಥ ಸೌಲಭ್ಯಗಳ ಲೆಕ್ಕಾಚಾರಕ್ಕೆ ಇದು ಮುಖ್ಯ.

ಆದರೆ ಆಡಳಿತದಲ್ಲಿ ದುಡಿದ ನನಗೆ ಗೊತ್ತು: ಕೇಳುವವರಿಲ್ಲದ ಕಾನೂನು ಕಡತದಲ್ಲೇ ಉಳಿಯುತ್ತದೆ. ನಿಗದಿತ ಸಂಬಳವೆಷ್ಟು, ಕಮಿಷನ್ ಯಾವಾಗ ಕಡಿತವಾಗುತ್ತದೆ, ಭವಿಷ್ಯನಿಧಿ ಉಂಟೇ ಎಂಬುದನ್ನು ಲಿಖಿತವಾಗಿ ಪಡೆಯದೆ ನಮ್ಮ ಕಾಲೇಜುಗಳು ಯಾವ ಸಂಸ್ಥೆಗೂ ಸಂದರ್ಶನಕ್ಕೆ ಅವಕಾಶ ನೀಡಬಾರದು. ಕಾಯಕಕ್ಕೆ ಘನತೆ ತಂದ ಕಲ್ಯಾಣದ ಮಕ್ಕಳು ಇಷ್ಟನ್ನು ಕೇಳಲು ಸಂಕೋಚಪಡಬೇಕಿಲ್ಲ.